ಗೋಡೆಯ ಮೇಲಿನ ಅಮ್ಮ

ನಮ್ಮ ಶಾಲೆಯಲ್ಲಿ ಒಂದು ಕಟ್ಟುನಿಟ್ಟು. ಯಾವ ತಾಯಿಯೂ ತನ್ನ ಮಗುವಿಗೆ ತಾನೇ ಪಾಠ ಹೇಳುವಂತಿಲ್ಲ. ಕಿವಿ ಕೇಳಿಸದ ಪುಟ್ಟ ಮಕ್ಕಳಿಗೆ ಮಾತು ಕಲಿಸುವ ಶಾಲೆ ಅದು. ಸಂಬಳದ ಟೀಚರುಗಳು ಒಬ್ಬರೋ ಇಬ್ಬರೋ, ಉಳಿದಂತೆ ಕಲಿಸುವವರೆಲ್ಲ ತಾಯಂದಿರೇ. ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಬಂದು ಚಾಪೆಯ ಮೇಲೆ ಕೂರಬೇಕು. ಆದರೆ ಎದುರಿಗೆ ಕೂರುವುದು ಇನ್ನೊಬ್ಬಳ ಮಗು. ತನ್ನದು ಆ ಮೂಲೆಯ ಚಾಪೆಯಲ್ಲಿ ಮತ್ಯಾರದೋ ಎದುರಿಗೆ. ಯಾಕೆ ಹೀಗೆ ಅಂತ ನಾನು ಮೊದಲ ದಿನವೇ ಕೇಳಿದೆ. ಸುಮ್ಮನಿರುವ ಜಾಯಮಾನ ನನ್ನದಲ್ಲ. ಅಲ್ಲಿಯ ದೊಡ್ಡ ಟೀಚರು ಕೂಡ ಹಿಂದೆ ಇಂಥದೇ ಒಂದು ಮಗುವನ್ನು ಕಟ್ಟಿಕೊಂಡು ಬಂದ ತಾಯಿಯೇ. ಅವರು ಚಾಪೆ ಕೊಡವುತ್ತಾ ಹೇಳಿದರು: "ಸ್ವಂತ ಮಗು ಆದ್ರೆ ಒಂದೋ ಹೊಡೀತೀರಾ, ಇಲ್ಲಾ ಅಳ್ತೀರಾ. ಬೇರೆಯವರ ಮಗು ಆದ್ರೆ ಕಲಿಸ್ತೀರಾ."

ಬೇರೆಯವರ ಮಗು! ನಾನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿದ್ದದ್ದೂ ಬೇರೆಯವರ ಮಗುವೇ. ಅದನ್ನು ಹೇಳಿದೆ. ಅವರು ಆ ಚಾಪೆಯನ್ನು ನನ್ನ ಮುಂದೆ ಹಾಸಿ, "ಯಾರು ಎತ್ಕೊಂಡು ಬರ್ತಾರೋ ಅವರೇ ಇಲ್ಲಿ ಅಮ್ಮ. ಕೂತ್ಕೊಳಿ," ಅಂದರು. ಅವತ್ತಿಗೆ ಅಲ್ಲಿ ನನ್ನ ಹೆಸರು ಹೋಯಿತು. ಅಲ್ಲಿ ಯಾವ ಹೆಂಗಸನ್ನೂ ಅವಳ ಹೆಸರು ಹಿಡಿದು ಕರೆಯುವುದಿಲ್ಲ, ಮಗುವಿನ ಹೆಸರಿಗೆ ಒಂದು ಅಮ್ಮ ಸೇರಿಸಿ ಕರೆಯುತ್ತಾರೆ. ನಾನು ಪುಟ್ಟಿ ಅಮ್ಮ ಆದೆ. ಮದುವೆ ಗಿದುವೆ ಒಂದೂ ಇಲ್ಲದೆ, ಐವತ್ತು ದಾಟಿದ ಮೇಲೆ, ಏಕಾಏಕಿ ಅಮ್ಮ.

ನಾನು ಸೀರೆಗೆ ಕುಚ್ಚು ಕಟ್ಟುವವಳು. ಮೈಸೂರಿನ ರಾಮಕೃಷ್ಣನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೇನೆ, ಮುಂದಿನ ರೂಮೇ ಅಂಗಡಿ. ಹುಟ್ಟಿ ಬೆಳೆದದ್ದು ಅಗ್ರಹಾರದಲ್ಲಿ. ಅಪ್ಪ ಹೋದ ಮೇಲೆ ಆ ಮನೆ ಬಿಟ್ಟು ಅಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಂದೆ. ವಯಸ್ಸಾದಂತೆ ಅಮ್ಮನ ಕಿವಿ ಮಂದವಾಯಿತು. "ಅನ್ನ ಹಾಕ್ಲಾ?" ಅನ್ನುವುದನ್ನೂ ಬೀದಿಗೆಲ್ಲ ಕೇಳಿಸುವಂತೆ ಕಿರುಚಬೇಕು. ಕಿರುಚಿ ಕಿರುಚಿ ನನ್ನ ಗಂಟಲು ಅಲ್ಲಿಗೇ ನಿಂತುಬಿಟ್ಟಿತು, ಮೆಲ್ಲಗೆ ಮಾತಾಡುವುದು ಇವತ್ತಿಗೂ ನನಗೆ ಬರುವುದಿಲ್ಲ. ಅಮ್ಮ ತೀರಿಕೊಂಡಳು. ಆಮೇಲೆ ಕಿರುಚಿಸಿಕೊಳ್ಳುವವರು ಯಾರೂ ಇರಲಿಲ್ಲ. ಕುಚ್ಚು ಕಟ್ಟುವುದಕ್ಕೆ ಬೆರಳು ಸಾಕು, ಬಾಯಿ ಬೇಡ. ಹಾಲಿನವನಿಗೆ ಒಂದು ಮಾತು, ಗಿರಾಕಿಗೆ ನಾಲ್ಕು ಮಾತು, ಅಲ್ಲಿಗೆ ಮುಗಿಯಿತು. ಕೆಲವು ಭಾನುವಾರ ಸಾಯಂಕಾಲದ ಹೊತ್ತಿಗೆ, ಅಯ್ಯೋ ಇವತ್ತು ಬಾಯೇ ಬಿಟ್ಟಿಲ್ಲವಲ್ಲ ಅನ್ನಿಸಿ, ಧ್ವನಿ ಇದೆಯೋ ಹೋಯಿತೋ ನೋಡೋಣ ಅಂತ ಒಂದು ಸಲ ಕೆಮ್ಮುತ್ತಿದ್ದೆ.

ಮಕ್ಕಳ ರಕ್ಷಣೆಯ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ತನ್ನ ಮದುವೆಯ ಸೀರೆಗೆ ಕುಚ್ಚು ಕಟ್ಟಿಸಲು ಬಂದಳು. ಕೂತು ಮಾತಾಡಿದಳು. ಹೆತ್ತವರು ಸಾಕಲಾರದ ಸ್ಥಿತಿಯಲ್ಲಿದ್ದರೆ ಮಗುವನ್ನು ಸ್ವಲ್ಪ ಕಾಲ ಬೇರೆ ಮನೆಯಲ್ಲಿ ಬೆಳೆಸಲು ಕೊಡುತ್ತಾರಂತೆ. ದತ್ತು ಅಲ್ಲ. ಹೆತ್ತವರು ಸುಧಾರಿಸಿಕೊಂಡ ಮೇಲೆ, ಮಕ್ಕಳ ಸಮಿತಿಯವರು ಹೇಳಿದಾಗ, ವಾಪಸು ಕೊಡಬೇಕು. ಈಗ ಒಂಟಿ ಹೆಂಗಸರಿಗೂ ಕೊಡುತ್ತಾರಂತೆ. "ನಿಮ್ಮಂಥೋರು ಬೇಕು ಮೇಡಂ," ಅಂದಳು.

"ನನ್ನಂಥೋಳು ಅಂದ್ರೆ? ಗತಿ ಇಲ್ದೋಳು ಅಂತಲಾ?"

ಅವಳು ನಕ್ಕಳು. ನಾನೂ ನಕ್ಕೆ. ಆದರೆ ಸೀರೆ ತೆಗೆದುಕೊಂಡು ಹೋಗಲು ಬಂದಾಗ ಅವಳನ್ನು ನಾನೇ ಕೂರಿಸಿ ಮತ್ತೆ ಕೇಳಿದೆ. ಮನೆಯಲ್ಲಿ ಒಂದು ಸದ್ದು ಬೇಕಾಗಿತ್ತು, ಅಷ್ಟೇ. ಓಡಾಡುವ, ಬೀಳಿಸುವ, ಅಳುವ ಸದ್ದು. ಅರ್ಜಿ ಕೊಟ್ಟೆ, ಅವರು ಬಂದು ಮನೆ ನೋಡಿದರು, ಅಡುಗೆಮನೆ ಬಚ್ಚಲುಮನೆ ಎಲ್ಲ ಇಣುಕಿದರು. ಮಗು ಬರುವ ಮುಂಚೆಯೇ ನಾನು ಎರಡು ಫ್ರಾಕು ಹೊಲಿದಿಟ್ಟಿದ್ದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ.

ಆಮೇಲೆ ಆ ಹುಡುಗಿ ಬಂದು, ಎರಡು ವರ್ಷದ ಹೆಣ್ಣು ಮಗು ಒಂದಿದೆ, ಆದರೆ, ಅಂತ ನಿಲ್ಲಿಸಿದಳು.

"ಆದರೆ ಏನು? ಹೇಳಮ್ಮ. ಅಡ್ಡಗೋಡೆ ಮೇಲೆ ದೀಪ ಇಡಬೇಡ."

ಮಗುವಿಗೆ ಕಿವಿ ಕೇಳಿಸುವುದಿಲ್ಲ ಅಂದಳು. ಅವಳಿದ್ದ ಸರ್ಕಾರಿ ಮಕ್ಕಳ ಮನೆಯಲ್ಲಿ ಯಾರೋ ತಟ್ಟೆಗಳ ರಾಶಿಯನ್ನೇ ಬೀಳಿಸಿದಾಗ ಎಲ್ಲ ಮಕ್ಕಳೂ ಬೆಚ್ಚಿ ತಿರುಗಿದವಂತೆ, ಇವಳೊಬ್ಬಳು ಗೋಡೆ ಕೆರೆಯುತ್ತಾ ಕೂತಿದ್ದಳಂತೆ. ಆಗಲೇ ಗೊತ್ತಾದದ್ದು. ಡಾಕ್ಟರು ಎರಡೂ ಕಿವಿಗೆ ಮಿಷನ್ನು ಕೊಟ್ಟಿದ್ದಾರೆ, ಅದರಿಂದ ಒಂದಿಷ್ಟು ಕೇಳಿಸುತ್ತದೆ. ಆದರೆ ಮಾತು ಬರಬೇಕಾದರೆ ಈಗಲೇ ಬರಬೇಕು, ಈ ವಯಸ್ಸು ದಾಟಿದರೆ ಕಷ್ಟ. ಅಷ್ಟು ಮಕ್ಕಳ ನಡುವೆ ಒಂದು ಮಗುವಿನ ಜೊತೆ ದಿನವಿಡೀ ಮಾತಾಡುತ್ತಾ ಕೂರುವವರು ಯಾರು? ಅದಕ್ಕೇ ಒಂದು ಮನೆ ಬೇಕು, ಬಾಯಿ ಇರುವ ಒಬ್ಬರು ಬೇಕು.

ಸದ್ದು ಬೇಕು ಅಂತ ಹಂಬಲಿಸಿದವಳಿಗೆ ದೇವರು ಕೊಟ್ಟ ಮಗು ಇದು. ಎರಡು ದಿನ ದೇವರ ಮೇಲೆ ಕೋಪ ಮಾಡಿಕೊಂಡು ದೀಪ ಹಚ್ಚಲಿಲ್ಲ. ಆಮೇಲೆ ಹೂಂ ಅಂದೆ.

ತಾಯಿ ಹಿನಕಲ್ಲಿನವಳು. ಬೇಸಾಯದ ಮನೆತನ, ಹೊಲವೆಲ್ಲ ಸೈಟುಗಳಾಗಿ ಹೋದ ಮೇಲೆ ಕಂಡವರ ಕೆಲಸಕ್ಕೆ ಹೋಗುತ್ತಿದ್ದಾರೆ. ಹೆರಿಗೆಯಾದ ಮೇಲೆ ಅವಳ ಮನಸ್ಸಿನ ಸ್ಥಿಮಿತ ತಪ್ಪಿತು. ಗಂಡ ಬಿಟ್ಟು ಹೋದ, ಕೂಲಿಗೆ ಹೋಗುವ ಅವಳ ಅವ್ವನಿಗೆ ಮಗುವನ್ನು ನೋಡಿಕೊಳ್ಳಲಾಗಲಿಲ್ಲ. ಅವಳನ್ನು ದೂರದ ಆಸ್ಪತ್ರೆಗೆ ಸೇರಿಸಿದ್ದರು. ವಾಸಿಯಾಗುತ್ತದೆ, ಆದರೆ ಕಾಲ ಹಿಡಿಯುತ್ತದೆ ಅಂದಿದ್ದರು ಡಾಕ್ಟರು. ವಿಡಿಯೋ ಕಾಲಾದರೂ ಮಾಡಿಸಬಾರದಾ ಅಂದೆ. ಅವಳೇ ಬೇಡ ಅಂದಳಂತೆ: ಮಗು ಮುಖ ನೋಡಿದರೆ ತಡಕೊಳ್ಳೋಕೆ ಆಗಲ್ಲ. ಮಗುವನ್ನು ನನ್ನ ಕೈಗೆ ಕೊಡುವಾಗ ಆಫೀಸಿನ ಹುಡುಗಿ ಒಂದು ಮಾತನ್ನು ಬಿಗಿಯಾಗಿ ಹೇಳಿದಳು. "ಮಗು ನಿಮ್ಮದಲ್ಲ ಅನ್ನೋದನ್ನ ಮರೀಬೇಡಿ ಮೇಡಂ. ಅಮ್ಮ ಅಂತ ಮಾತ್ರ ಕರೆಸ್ಕೋಬೇಡಿ. ಆ ಅಮ್ಮನಿಗೆ ಈ ಮಗು ಒಂದೇ ಉಳಿದಿರೋದು."

ಹೇಳುವುದು ಸುಲಭ. ಕಿವಿ ಚೆನ್ನಾಗಿರುವ ಮಕ್ಕಳು ಮಾತನ್ನು ಕದ್ದು ಕಲಿಯುತ್ತವೆ. ಯಾರು ಯಾರನ್ನು ಏನಂತ ಕರೆಯುತ್ತಾರೆ ಅಂತ ಕೇಳಿಸಿಕೊಂಡು ತಾವೂ ಕರೆಯುತ್ತವೆ. ಈ ಮಕ್ಕಳಿಗೆ ಹಾಗಲ್ಲ. ಒಂದೊಂದು ಮಾತನ್ನೂ ತುತ್ತಿನ ಹಾಗೆ ನಾವೇ ಬಾಯಿಗಿಡಬೇಕು. ತುಟಿ ಸೇರಿಸಿ ಆಡುವ ಮಾತು ಮೊದಲು, ಯಾಕೆಂದರೆ ಅದು ಕಣ್ಣಿಗೂ ಕಾಣುತ್ತದೆ. ಅಂದರೆ ಮೊದಲ ಪಾಠವೇ ಅಮ್ಮ. ಚಾಪೆಯ ಮೇಲೆ ಕೂತ ಹೆಂಗಸರೆಲ್ಲ ಮಕ್ಕಳಿಗೆ ಅವರವರ ಅಮ್ಮನನ್ನು ತೋರಿಸಿ ಕಲಿಸುತ್ತಿದ್ದರು. ಪುಟ್ಟಿಗೆ ಯಾರನ್ನು ತೋರಿಸುವುದು? ಎಲ್ಲರೂ ನನ್ನ ಕಡೆ ನೋಡಿದರು. ಆಫೀಸಿನ ಹುಡುಗಿಯ ಮಾತು ನೆನಪಾಗಿ ನಾನು ನೆಲ ನೋಡಿದೆ.

ಕೊನೆಗೆ ಆಫೀಸಿನಿಂದ ಆ ತಾಯಿಯ ಒಂದು ಫೋಟೋ ತರಿಸಿಕೊಂಡೆ. ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಲು ಹೋದರೆ ಅಂಗಡಿಯವನು ದನಿ ಇಳಿಸಿ, "ಹಾರ ಹಾಕೋಕೆ ಮೇಲ್ಗಡೆ ಕೊಕ್ಕೆ ಕೊಡ್ಲಾ ಅಮ್ಮ?" ಅಂದ.

"ಬದುಕಿದ್ದಾಳೆ ಕಣಪ್ಪ! ಹಾರ ನೀನೇ ಹಾಕ್ಕೋ," ಅಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಗಂಟಲೇ ಹಾಗೆ.

ಫೋಟೋದಲ್ಲಿ ಅವಳು ತುಂಬುಗೆನ್ನೆಯ ಹುಡುಗಿ, ಉದ್ದ ಜಡೆ, ಎಡಮೂಗಿನಲ್ಲಿ ಹೊಳೆಯುವ ಒಂದು ಮೂಗುಬೊಟ್ಟು. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಹಾಕಿದೆ. ಶಾಲೆಯಲ್ಲಿ ಒಂದು ನಿಯಮವಿತ್ತು: ಮೊದಲು ವಸ್ತು, ಆಮೇಲೆ ಚಿತ್ರ. ಬಾಳೆಹಣ್ಣನ್ನು ಮೊದಲು ಕೈಗೆ ಕೊಡಬೇಕು, ಮೂಸಿ, ಸುಲಿದು, ತಿಂದು ಆದ ಮೇಲೆ ಬಾಳೆಹಣ್ಣಿನ ಚಿತ್ರ ತೋರಿಸಬೇಕು. ಚಿತ್ರವನ್ನೇ ಮೊದಲು ತೋರಿಸಿದರೆ ಮಗು ಕಾಗದವನ್ನೇ ಬಾಳೆಹಣ್ಣು ಅಂದುಕೊಳ್ಳುತ್ತದೆ. ದಿನಾ ಇದನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದವರು ನಾವು. ಆದರೆ ಇಲ್ಲಿ ವಸ್ತುವೇ ಇರಲಿಲ್ಲವಲ್ಲ. ದೊಡ್ಡ ಟೀಚರು ಕೂಡ ತಲೆ ಕೆರೆದುಕೊಂಡು, "ಸದ್ಯಕ್ಕೆ ಫೋಟೋನೇ ತೋರಿಸಿ, ಇನ್ನೇನು ಮಾಡೋದು," ಅಂದರು.

ಮಿಷನ್ನು ಹಾಕಿದ ಕಿವಿಗೆ ದಿನವಿಡೀ ಮಾತು ಬೀಳುತ್ತಿರಬೇಕು. ಮಾಡುವ ಕೆಲಸವನ್ನೆಲ್ಲ ಬಾಯಲ್ಲಿ ಹೇಳುತ್ತಾ ಮಾಡಬೇಕು. "ಹಾಲು ಕಾಯಿಸೋಣ. ಹಾಲು ಬಿಸಿ. ಉಫ್ ಉಫ್. ಹಾಲು ಉಕ್ಕಿತು! ಅಯ್ಯೋ ಉಕ್ಕಿಬಿಡ್ತು!" ಮೊದಮೊದಲು ನಾಚಿಕೆ. ಆಮೇಲೆ ಅದೇ ಉಸಿರಾಯಿತು. "ಈರುಳ್ಳಿ ಹೆಚ್ತೀನಿ, ಕಣ್ಣು ಉರೀತು, ಕೆಂಪು ದಾರ ತಗೊಂಡೆ, ಮಣಿ ಪೋಣಿಸ್ದೆ, ಗಂಟು ಹಾಕ್ದೆ." ಬೆಳಿಗ್ಗೆ ಎದ್ದ ಕೂಡಲೆ ಮಿಷನ್ನಿನ ಪರೀಕ್ಷೆ. ತುಟಿ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ಆ, ಈ, ಊ, ಮ್, ಸ್, ಶ್ ಅನ್ನಬೇಕು. ಕೇಳಿಸಿದಾಗಲೆಲ್ಲ ಅವಳು ಮರದ ದಪ್ಪ ಮಣಿಯೊಂದನ್ನು ಸ್ಟೀಲು ಬಟ್ಟಲಿಗೆ ಹಾಕಬೇಕು. ಟಣ್ ಅಂದಾಗ ಅವಳ ಕಣ್ಣು ಅರಳುತ್ತಿತ್ತು. ನಾನು ಕಿರುಚುತ್ತೇನೆ ಅಂತ ಶಾಲೆಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದೆ. "ಪುಟ್ಟಿ ಅಮ್ಮ, ಕಿರುಚಬೇಡಿ! ಮಿಷನ್ನಿದೆ, ಹತ್ತಿರ ಕೂತು ಸಹಜವಾಗಿ ಮಾತಾಡಿ." ಸಹಜವಾಗಿ ಮಾತಾಡುವುದನ್ನು ನನಗೆ ಯಾರು ಕಲಿಸಿದ್ದರು?

ಕೆಳಗಿನ ಮನೆಯಾಕೆ, ಅಂದರೆ ಮನೆಯ ಒಡತಿ, ಒಳ್ಳೆಯವರೇ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿ ಹೂ ಕೊಯ್ಯಲು ಅಂಗಳಕ್ಕೆ ಬಂದರೆ ನನ್ನ ಮಾತೆಲ್ಲ ಅವರಿಗೆ ಕೇಳಿಸುತ್ತಿತ್ತು. ಒಂದು ದಿನ ಮೆಟ್ಟಿಲ ಬಳಿ ನಿಂತು, "ಏನ್ರೀ ಇದು, ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅದೂ ಯಾರದೋ ಮಗುಗೆ," ಅಂದುಬಿಟ್ಟರು.

"ಬಾರಿಸ್ತೀನಿ ಕಣ್ರೀ," ಅಂದೆ. "ಕೇಳಿಸೋವರ್ಗೂ ಬಾರಿಸ್ತೀನಿ. ನಿಮಗೆ ತೊಂದರೆ ಆದ್ರೆ ಕಿಟಕಿ ಹಾಕ್ಕೊಳಿ."

ಆ ತಿಂಗಳು ಬಾಡಿಗೆ ಕೊಡಲು ಹೋದಾಗ ಇಬ್ಬರೂ ಮುಖ ಊದಿಸಿಕೊಂಡಿದ್ದೆವು.

ದಿನಾ ಬೆಳಿಗ್ಗೆ ಪುಟ್ಟಿಯನ್ನು ಎತ್ತಿಕೊಂಡು ಫೋಟೋದ ಮುಂದೆ ನಿಲ್ಲುತ್ತಿದ್ದೆ. "ಅಮ್ಮ. ನೋಡು, ಅಮ್ಮ." ಅವಳು ಗಾಜಿನ ಮೇಲೆ ಬೆರಳಿಡುತ್ತಿದ್ದಳು. ಯಾವಾಗಲೂ ಒಂದೇ ಜಾಗ, ಮೂಗುಬೊಟ್ಟು. ಅಲ್ಲಿ ಗಾಜು ಅವಳ ಬೆರಳಿನ ಎಣ್ಣೆಗೆ ಮಂಕಾಗಿತ್ತು, ನಾನು ಒರೆಸುತ್ತಿದ್ದೆ, ಮತ್ತೆ ಮಂಕಾಗುತ್ತಿತ್ತು. ಮಳೆಗಾಲ ಕಳೆಯಿತು, ದಸರೆ ಕಳೆಯಿತು. ಒಂದು ಬೆಳಿಗ್ಗೆ, ಒಲೆಯ ಮೇಲೆ ಕುಕ್ಕರು ಇನ್ನೇನು ಕೂಗುವುದರಲ್ಲಿತ್ತು, ಅವಳು ಮೂಗುಬೊಟ್ಟಿನ ಮೇಲೆ ಬೆರಳಿಟ್ಟು, ತುಟಿ ಸೇರಿಸಿ, ಬಿಟ್ಟು, "ಅಮ್-ಮ" ಅಂದಳು.

ನನ್ನ ಕೈಯೊಳಗೇ ಇದ್ದಳು. ಅವಳ ಎದೆ ನಡುಗಿದ್ದು ನನ್ನ ಎದೆಗೆ ಗೊತ್ತಾಯಿತು. ನಾನು ಕುಣಿದೆ, ಮುತ್ತಿಟ್ಟೆ, ಚಪ್ಪಾಳೆ ತಟ್ಟಿದೆ. ಮೆಟ್ಟಿಲಿಳಿದು ಹೋಗಿ ಮಾತು ಬಿಟ್ಟಿದ್ದ ಕೆಳಮನೆಯಾಕೆಗೂ ಹೇಳಿಬಂದೆ. ಮೇಲೆ ಬಂದು ಕುಕ್ಕರು ಇಳಿಸುವಾಗ ಮಾತ್ರ ಹೊಳೆಯಿತು. ಎತ್ತಿಕೊಂಡವಳು ನಾನು, ಅವಳು ಅಮ್ಮ ಅಂದದ್ದು ಗೋಡೆಗೆ. ಅದೇ ಆಗಬೇಕಾದದ್ದು ತಾನೇ? ಅದಕ್ಕೇ ತಾನೇ ನಾನು ಅಷ್ಟು ಗಂಟಲು ಹರಿದುಕೊಂಡದ್ದು? ಆದರೂ ಅತ್ತೆ.

ನನಗೆ ಅಂತ ಒಂದು ಮಾತನ್ನು ನಾನು ಕಲಿಸಲೇ ಇಲ್ಲ. ದೊಡ್ಡಮ್ಮ ಅನ್ನಿಸಲಾ, ಅತ್ತೆ ಅನ್ನಿಸಲಾ, ಅಜ್ಜಿ ಅಂದರೆ ಸಿಟ್ಟು ಬರುತ್ತದೆ, ಹೀಗೆ ನಾಳೆ ನಾಡಿದ್ದು ಅಂತ ಮುಂದೂಡಿದೆ. ನಿಜ ಹೇಳಬೇಕೆಂದರೆ ಬೇರೆ ಯಾವ ಮಾತೂ ನನಗೆ ಬೇಕಾಗಿರಲಿಲ್ಲ. ಅವಳಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಬೇಕಾದಾಗ ಬಂದು ನನ್ನ ಸೆರಗು ಜಗ್ಗುತ್ತಿದ್ದಳು. ಹಾಲು, ಬಾಲು, ಹೂವು, ಬೇಡ, ಬಾ, ಅಪ್ಪಚ್ಚಿ, ಎಲ್ಲ ಬಂತು. ನನಗೆ ಸೆರಗು ಸಾಕಾಯಿತು.

ಅವಳು ಬಂದು ಒಂದೂವರೆ ವರ್ಷವಾಗಿತ್ತು. ಆಫೀಸಿನ ಹುಡುಗಿ ಫೋನು ಮಾಡಿ, ತಾಯಿಗೆ ವಾಸಿಯಾಗಿದೆ, ಹಿನಕಲ್ಲಿಗೆ ವಾಪಸು ಬಂದಿದ್ದಾಳೆ, ಅವಳ ಅವ್ವ ಜೊತೆಗಿದ್ದಾಳೆ, ಮಗುವನ್ನು ನೋಡಲು ಕರೆದುಕೊಂಡು ಬರುತ್ತೇನೆ ಅಂದಳು. ನಾನು ಮನೆ ಗುಡಿಸಿದೆ, ಒರೆಸಿದೆ, ಉಪ್ಪಿಟ್ಟು ಮಾಡಿದೆ. ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ.

ಬಂದವಳನ್ನು ನೋಡಿ ನಾನೇ ಗುರುತು ಹಿಡಿಯಲಿಲ್ಲ. ಕೆನ್ನೆ ಇಳಿದಿತ್ತು. ಆಸ್ಪತ್ರೆಯಲ್ಲಿ ಕೂದಲು ಕತ್ತರಿಸಿದ್ದರು, ಕಿವಿಯವರೆಗೆ ಬೆಳೆದಿತ್ತು. ಮೂಗು ಬರಿದು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಅನ್ನುವಂತೆ ನಿಂತಳು. ಪುಟ್ಟಿ ನನ್ನ ಸೆರಗಿನ ಹಿಂದೆ ಸೇರಿಕೊಂಡಳು. ಆಫೀಸಿನ ಹುಡುಗಿ ಬಗ್ಗಿ, ಮೆಲ್ಲಗೆ ಕೇಳಿದಳು: "ಪುಟ್ಟಿ, ಅಮ್ಮ ಎಲ್ಲಿ?"

ಗೊತ್ತಿರುವ ಪ್ರಶ್ನೆ! ಪುಟ್ಟಿಯ ಮುಖ ಅರಳಿತು. ಸೆರಗು ಬಿಟ್ಟು ಓಡಿದಳು. ಕೈ ಚಾಚಿ ನಿಂತಿದ್ದ ತಾಯಿಯ ಪಕ್ಕದಲ್ಲೇ ದಾಟಿಹೋಗಿ, ಅಡುಗೆಮನೆಯ ಗೋಡೆಯ ಕಡೆ ಬೆರಳು ತೋರಿಸಿ, ಸ್ಪಷ್ಟವಾಗಿ, ಜೋರಾಗಿ, "ಅಮ್ಮ!" ಅಂದಳು. ಆಮೇಲೆ ಎಲ್ಲರ ಮುಖ ನೋಡಿದಳು, ಚಪ್ಪಾಳೆ ಬರುತ್ತದೆ ಅಂತ.

ಯಾರೂ ತಟ್ಟಲಿಲ್ಲ. ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಗುರುತು ಸಿಗದಿದ್ದರೆ ಮಗು ಇನ್ನೂ ಇಲ್ಲೇ ಇರಲಿ ಅಂತ ಸಮಿತಿಯವರು ಹೇಳಬಹುದು ಅಂತ ಲೆಕ್ಕ ಹಾಕಿತು ಈ ಹಾಳು ಮನಸ್ಸು.

ಆ ತಾಯಿ ನೆಲದ ಮೇಲೆ ಕುಸಿದು ಕೂತಳು. ಅಳುತ್ತಿದ್ದಾಳೆ ಅಂದುಕೊಂಡೆ. ಅಳುತ್ತಲೇ ಇದ್ದಳು, ಆದರೆ ನಾನು ಅಂದುಕೊಂಡ ಅಳು ಅದಲ್ಲ. "ಅಕ್ಕ, ಮಾತು ಬಂದ್ಬುಟ್ಟೈತಲ್ಲಕ್ಕ!" ಅಂದಳು. "ನಾನು ಓಗೋವಾಗ ಒಂದು ಸದ್ದೂ ಇರ್ಲಿಲ್ಲ ಇದರ ಬಾಯಾಗೆ. ಎಂಗಕ್ಕ ಬಂತು? ಅಮ್ಮ ಅಂದ್ಳಲ್ಲ. ಗೋಡೆಗಾದ್ರೂ ಅಂದ್ಳಲ್ಲ!"

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದನ್ನು ಎಷ್ಟೋ ಸಲ ತಮಾಷೆಗೆ ಆಡಿದ್ದೇನೆ. ಅವತ್ತು ಅಡುಗೆಮನೆಗೆ ಹೋಗಿ ಅವಳಿಗೆ ಒಂದು ತಟ್ಟೆ ಉಪ್ಪಿಟ್ಟು ಹಾಕಿಕೊಂಡೆ. ಹೊರಗೆ ಬಂದು, "ನಾಳೆಯಿಂದ ಶಾಲೆಗೆ ಬಾ," ಅಂದೆ. "ಹಿನಕಲ್ಲಿಂದ ಬಸ್ಸು ಹತ್ತಿ ಬಾ. ಬರೀ ಕರ್ಕೊಂಡು ಹೋದ್ರೆ ಆಗಲ್ಲ ಕಣಮ್ಮ. ಇವಳ ಹತ್ರ ಹೇಗೆ ಮಾತಾಡ್ಬೇಕು ಅಂತ ನೀನು ಕಲೀಬೇಕು. ಇಲ್ದಿದ್ರೆ ಬಂದಿರೋ ಮಾತೂ ಹೋಗುತ್ತೆ."

ಬಂದಳು. ಒಂದು ದಿನ ತಪ್ಪಿಸಲಿಲ್ಲ. ಹಿಂದಿನ ಸಾಲಿನ ಚಾಪೆಯಲ್ಲಿ ಕೂತು, ಬೇರೆಯವರ ಮಕ್ಕಳಿಗೆ ಬಾಲು, ಬಸ್ಸು ಅಂತ ಹೇಳಿಕೊಡುವುದನ್ನು ಕಲಿತಳು. ದನಿ ಮೃದು, ತುಟಿ ಸ್ಪಷ್ಟ. ದೊಡ್ಡ ಟೀಚರು, "ನೋಡಿ, ಹೀಗೆ ಮಾತಾಡ್ಬೇಕು," ಅಂತ ನನ್ನ ಕಡೆಯೇ ನೋಡಿ ಹೇಳಿದರು. ಒಂದು ದಿನ ಬಾಗಿಲಲ್ಲಿ ಯಾರೋ, "ಪುಟ್ಟಿ ಅಮ್ಮಾ," ಅಂತ ಕೂಗಿದರು. ನಾವಿಬ್ಬರೂ ಎದ್ದು ನಿಂತೆವು. ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಕೂತೆ.

ಆದರೆ ಪುಟ್ಟಿ ಮಾತ್ರ ಅವಳನ್ನು ಅಮ್ಮ ಅನ್ನಲೊಲ್ಲಳು. ಫೋಟೋವನ್ನು ಗೋಡೆಯಿಂದ ಇಳಿಸಿ ಅವಳ ಕೆನ್ನೆಯ ಪಕ್ಕ ಹಿಡಿದು ತೋರಿಸಿದರೆ, ಫೋಟೋ ನೋಡುತ್ತಿದ್ದಳು, ಅವಳನ್ನು ನೋಡುತ್ತಿದ್ದಳು, ತಲೆ ಅಲ್ಲಾಡಿಸಿ, "ಬೇಡ," ಅನ್ನುತ್ತಿದ್ದಳು. ಆ ಮಾತನ್ನೂ ಕಲಿಸಿದವಳು ನಾನೇ. ಚಿತ್ರ ಮೊದಲು ಬಂದು ಕೂತುಬಿಟ್ಟಿತ್ತು, ವಸ್ತುವಿಗೆ ಜಾಗವಿರಲಿಲ್ಲ. ಆಫೀಸಿನ ಹುಡುಗಿ ಬಂದು ನೋಡಿಹೋದಳು, ಸಮಿತಿಯ ಮುಂದೆ ಏನು ಹೇಳುವುದೋ ಅಂತ ಚಿಂತೆ ಮಾಡಿದಳು. ಆ ತಾಯಿ ದಿನದಿಂದ ದಿನಕ್ಕೆ ಮೌನವಾಗುತ್ತಾ ಹೋದಳು. ಔಷಧಿ ಸರಿಯಾಗಿ ತಗೋತಿದ್ದೀಯಾ ಅಂತ ಕೇಳಿದರೆ ತಲೆಯಾಡಿಸುತ್ತಿದ್ದಳು.

ಕಾರಣ ನನಗೆ ಗೊತ್ತಿತ್ತು. ಅವಳ ಕೂದಲಲ್ಲ, ಕೆನ್ನೆಯಲ್ಲ. ಪುಟ್ಟಿ ದಿನಾ ಬೆಳಿಗ್ಗೆ ಬೆರಳಿಡುತ್ತಿದ್ದ ಜಾಗ ಅವಳ ಮುಖದಲ್ಲಿ ಇರಲಿಲ್ಲ. ಇದು ಗೊತ್ತಿದ್ದದ್ದು ಇಡೀ ಮೈಸೂರಿನಲ್ಲಿ ನನಗೊಬ್ಬಳಿಗೆ. ನಾನು ಬಾಯಿ ಬಿಡದಿದ್ದರೆ ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಎರಡು ಮೂರು ದಿನ ಬಾಯಿ ಬಿಡಲೂ ಇಲ್ಲ. ಕುಚ್ಚು ಕಟ್ಟುತ್ತಾ, ಪುಟ್ಟಿಗೆ ದಾರದ ಬಣ್ಣ ಹೇಳುತ್ತಾ, ಅವಳು ತೊಡೆಗೆ ಒರಗಿ ಕೂತಿರುವಾಗ, ಇನ್ನು ಸ್ವಲ್ಪ ದಿನ, ಇನ್ನು ಸ್ವಲ್ಪ ದಿನ ಅಂದುಕೊಂಡೆ. ಆದರೆ ಶಾಲೆ ಬಿಟ್ಟ ಮೇಲೆ ಬಸ್‌ಸ್ಟಾಪಿನಲ್ಲಿ ಆ ತಾಯಿ ಒಬ್ಬಳೇ ನಿಂತಿರುವುದನ್ನು ಆಟೋದಿಂದ ನೋಡಿದೆ. ಎದುರಿಗಿದ್ದ ಅಂಗಡಿಯ ಗೋಡೆಯನ್ನು ನೋಡುತ್ತಿದ್ದಳು. ನನ್ನ ಭಾನುವಾರಗಳ ಮುಖ ಅದು. ಆಟೋ ನಿಲ್ಲಿಸಿ ಕೂಗಿದೆ. ರಸ್ತೆಗೆಲ್ಲ ಕೇಳಿಸಿರಬೇಕು.

"ನಿನ್ನ ಮೂಗುಬೊಟ್ಟು ಎಲ್ಲಮ್ಮ?"

ಆಸ್ಪತ್ರೆಗೆ ಸೇರಿಸುವಾಗ ಬಿಚ್ಚಿಸಿದ್ದರಂತೆ, ಅವಳ ಅವ್ವನ ಹತ್ತಿರ ಇದೆಯಂತೆ. "ಹಾಕ್ಕೊಂಡು ಬಾ. ತೂತು ಮುಚ್ಚಿದ್ರೆ ಇನ್ನೊಂದ್ಸಲ ಚುಚ್ಚಿಸ್ಕೋ," ಅಂದು ಆಟೋದವನಿಗೆ ಹೊರಡು ಅಂದೆ.

ಮೂಗು ಇನ್ನೂ ಕೆಂಪಗಿತ್ತು ಅವಳು ಬಂದಾಗ. ಶಾಲೆಗಲ್ಲ, ನನ್ನ ಮನೆಗೇ ಬಂದಳು. ನಾನು ಪುಟ್ಟಿಯನ್ನು ಎತ್ತಿಕೊಂಡೆ, ದಿನಾ ಎತ್ತಿಕೊಳ್ಳುವ ಹಾಗೆ. ಆ ತಾಯಿಯನ್ನು ಫೋಟೋ ಇದ್ದ ಜಾಗದಲ್ಲೇ, ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದೆ. ಪುಟ್ಟಿ ನೋಡಿದಳು. ಬೆರಳು ಮೆಲ್ಲಗೆ ಮುಂದೆ ಬಂತು. ಮೂಗುಬೊಟ್ಟಿಗೆ ತಾಗಿತು. ಗಾಜಿನ ಹಾಗೆ ತಣ್ಣಗಿರಲಿಲ್ಲ ಅಂತ ಕಾಣುತ್ತದೆ, ಬೆಚ್ಚಿ ಬೆರಳು ಹಿಂದಕ್ಕೆ ತೆಗೆದಳು. ಮತ್ತೆ ಇಟ್ಟಳು. ಆ ತಾಯಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಪುಟ್ಟಿ ಆ ನೀರನ್ನೂ ಮುಟ್ಟಿ ನೋಡಿದಳು. "ಅಮ್ಮ?" ಅಂದಳು. ಕೇಳಿದ ಹಾಗೆ ಅಂದಳು.

ನಾನು ಅವಳನ್ನು ಕೈ ದಾಟಿಸಿದೆ. ನನ್ನ ತೋಳು ಹಗುರವಾದದ್ದು ನನಗೆ ಬೇಡವಾಗಿತ್ತು.

ಸಮಿತಿಯ ಆದೇಶ ಬಂದು ಅವರು ಹೊರಟ ದಿನ, ಬಟ್ಟೆ, ಮಿಷನ್ನಿನ ಡಬ್ಬಿ, ಮಣಿ, ಬಟ್ಟಲು ಎಲ್ಲ ಕಟ್ಟಿಕೊಟ್ಟೆ. ಅವಳು ಬಾಗಿಲಲ್ಲಿ ನಿಂತು ಮೊಬೈಲು ತೆಗೆದಳು. "ಅಕ್ಕ, ನಿಮ್ದೊಂದು ಫೋಟೋ ತಗೋತೀನಿ. ದೊಡ್ಡದು ಮಾಡ್ಸಿ ಗೋಡೆಗಾಕ್ತೀನಿ. ದಿನಾ ತೋರಿಸ್ತೀನಿ. ಏನಂತ ಏಳ್ಕೊಡ್ಲಿ ಅಕ್ಕ ಇವಳ್ಗೆ? ನಿಮ್ಮನ್ನ ಏನಂತ ಕರೀಬೇಕು?"

ಬಾಯಿಗೆ ಬಂದ ಮಾತು ಒಂದೇ. ಅದು ಕೊಟ್ಟಾಗಿತ್ತು. "ಫೋಟೋ ಗೀಟೋ ಬೇಡ," ಅಂದೆ. "ಗೋಡೆಗೆ ಹಾಕಿಸ್ಕೊಳ್ಳೋಕೆ ನಾನೇನು ಸತ್ತಿದ್ದೀನಾ?" ಕೋಪದಲ್ಲೇ ಅಂದೆ, ಅವಳು ಪೆಚ್ಚಾಗಿ ಮೊಬೈಲು ಒಳಗಿಟ್ಟಳು. ಪುಟ್ಟಿ ಮೆಟ್ಟಿಲಿಳಿಯುವಾಗ ಕೈ ಬೀಸಿ, "ಟಾಟಾ," ಅಂದಳು. ಮೆಟ್ಟಿಲ ಕೆಳಗೆ ಕೆಳಮನೆಯಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಮನೆಯಲ್ಲಿ ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. ಅಷ್ಟು ಕಾಲದ ಅಭ್ಯಾಸ. "ಹಾಲು ಕಾಯಿಸೋಣ. ಹಾಲು ಬಿಸಿ." ಹೇಳಿದ ಮೇಲೆ ಗೊತ್ತಾಗುತ್ತಿತ್ತು. "ಹಸಿರು ದಾರ ತಗೊಂಡೆ. ಗಂಟು ಹಾಕ್ದೆ." ಮುಂಚೆ ಮಾತಿಲ್ಲದ ಮನೆಯಲ್ಲಿ ಒಂಟಿಯಾಗಿದ್ದೆ. ಈಗ ಮಾತಿದೆ, ಕೇಳುವ ಕಿವಿ ಇಲ್ಲ. ಇದು ಅದಕ್ಕಿಂತ ಕಷ್ಟ. ಒಂದು ದಿನ ಕೆಳಮನೆಯಾಕೆ ಮೇಲೆ ಬಂದು ಒಳಗೆಲ್ಲ ನೋಡಿ, "ಯಾರ ಹತ್ರ ಮಾತಾಡ್ತಿದ್ರಿ?" ಅಂದರು. ಫೋನಿನಲ್ಲಿ ಅಂದೆ. ಫೋನು ಅವರ ಕಣ್ಣೆದುರಿಗೇ ಚಾರ್ಜಿಗೆ ಹಾಕಿತ್ತು. ಅವರು ಒಂದು ಬಟ್ಟಲು ಪಾಯಸ ಇಟ್ಟು ಹೋದರು.

ದೊಡ್ಡ ಟೀಚರು ಫೋನು ಮಾಡಿದರು. "ಯಾಕ್ರೀ ಬರ್ತಿಲ್ಲ? ಇಲ್ಲಿ ಹೊಸ ಮಕ್ಕಳು ಬಂದಿವೆ, ಕೂರೋರು ಕಮ್ಮಿ."

"ನನಗೆ ಮಗು ಇಲ್ವಲ್ಲ," ಅಂದೆ.

"ಇಲ್ಲಿ ಯಾರು ತಮ್ಮ ಮಗುಗೆ ಪಾಠ ಹೇಳ್ತಾರೆ? ಬನ್ನಿ ಸುಮ್ನೆ."

ಹೋದೆ. ಈಗ ಅಲ್ಲಿ ನನ್ನನ್ನು ಕುಚ್ಚಿನಕ್ಕ ಅನ್ನುತ್ತಾರೆ. ಪುಟ್ಟಿಯೂ ಅವಳ ಅಮ್ಮನೂ ಹಿನಕಲ್ಲಿನ ಬಸ್ಸಿಳಿದು ದಿನಾ ಬರುತ್ತಾರೆ. ಮೊದಲ ವಾರ ಪುಟ್ಟಿ ಓಡಿಬಂದು ಸೆರಗು ಜಗ್ಗಿದಳು. ಆಮೇಲೆ ಕೈ ಬೀಸಿದಳು. ಮಕ್ಕಳು ಹಾಗೆ, ಹಾಗೇ ಇರಬೇಕು. ನಾನು ನನ್ನ ಚಾಪೆಯಲ್ಲಿ ಕೂತು ಯಾರ್ಯಾರದೋ ಮಕ್ಕಳಿಗೆ ಬಾಲು, ಹೂವು ಹೇಳಿಕೊಟ್ಟೆ.

ಒಂದು ಬೆಳಿಗ್ಗೆ ದೊಡ್ಡ ಟೀಚರು ಯಾರು ಯಾರೆದುರಿಗೆ ಅಂತ ಮಕ್ಕಳನ್ನು ಕೈಹಿಡಿದು ಕೂರಿಸುತ್ತಾ ಬಂದರು. ನನ್ನ ಚಾಪೆಯ ಮುಂದೆ ಪುಟ್ಟಿಯನ್ನು ತಂದು ಕೂರಿಸಿ ಮುಂದೆ ಹೋದರು. ಅಷ್ಟು ಕಾಲ ಅವಳನ್ನು ಎತ್ತಿಕೊಂಡು ಬಂದವಳು ನಾನು. ಆ ಶಾಲೆಯಲ್ಲಿ ಒಂದು ದಿನವಾದರೂ ಅವಳು ನನ್ನೆದುರಿಗೆ ಕೂತಿರಲಿಲ್ಲ, ಯಾಕೆಂದರೆ ನಾನು ಅವಳ ಅಮ್ಮ. ಈಗ ಅವಳು ಬೇರೆಯವರ ಮಗು. ಈಗ ನಾನು ಕಲಿಸಬಹುದು.

ಅವತ್ತಿನ ಪಾಠ ಮನೆಯವರು. ನಾನು ಹತ್ತಿರ ಸರಿದು ಕೂತೆ. ಅವಳ ಮಿಷನ್ನು ಸರಿಯಾಗಿ ಕೂತಿದೆಯೇ ನೋಡಿದೆ. ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದೆ: "ಪುಟ್ಟಿ, ಅಮ್ಮ ಎಲ್ಲಿ?"

ಅವಳು ನನ್ನನ್ನು ನೋಡಿದಳು. ಗೋಡೆಯನ್ನು ನೋಡಲಿಲ್ಲ. ಕೂತಲ್ಲೇ ಪೂರ್ತಿ ತಿರುಗಿ, ಆ ಮೂಲೆಯ ಚಾಪೆಯಲ್ಲಿ ಇನ್ಯಾರದೋ ಮಗುವಿನ ಎದುರು ಕೂತಿದ್ದವಳ ಕಡೆ ಬೆರಳು ತೋರಿಸಿ, "ಅಮ್ಮ," ಅಂದಳು.

ಸರಿಯಾದ ಉತ್ತರ. ಉತ್ತರ ಸರಿಯಾದರೆ ಕೂಡಲೆ ಮುಖ ಅರಳಿಸಿ ಚಪ್ಪಾಳೆ ತಟ್ಟಬೇಕು, ಮಗು ನಮ್ಮ ಮುಖವನ್ನು ಓದುತ್ತದೆ. ನಾನು ಮುಖ ಅರಳಿಸಿದೆ. ಚಪ್ಪಾಳೆ ತಟ್ಟಿದೆ. "ಭೇಷ್! ಭೇಷ್ ನನ್ನ ಪುಟ್ಟಿ!" ಅಂದೆ.

"ಕುಚ್ಚಿನಕ್ಕ," ಅಂತ ದೊಡ್ಡ ಟೀಚರು ಆ ತುದಿಯಿಂದಲೇ ಅಂದರು, "ಕಿರುಚಬೇಡಿ."